ಕಬ್ಬಿನ ಅಂಶ

ನಾಗಕ್ಕನ ನಾಲಿಗೆ ಹುಟ್ಟಿದಾಗಿನಿಂದ ಣಕಾರಕ್ಕೆ ಹೊರಳಿದ್ದಿಲ್ಲ. ಬಾಳೆಹಣ್ಣು ಅವಳ ಬಾಯಲ್ಲಿ ಬಾಳೆಹನ್ನು, ಹದಡಿಯಲ್ಲಿರುವ ಅಣ್ಣ ಬರೀ ಅನ್ನ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ. ಆಗಿದ್ದು ಕಳೆದ ಬುಧವಾರ.

ಅವತ್ತು ಬೆಳಿಗ್ಗೆ ಹತ್ತಕ್ಕೆ ಅವಳ ಗಂಡ ಹನುಮೇಶ ಕರೂರಿನ ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಂತಿದ್ದ. ಹರಿಹರದ ಮನೆಯಿಂದ ಹೆಂಡತಿಯ ಫೋನು ಬಂತು. ಕುಲುಮೆಯ ಸದ್ದಿನಲ್ಲಿ ಗುಡುಗಿದರೂ ಕೇಳಿಸುವುದಿಲ್ಲ. ಅವನು ಒಂದು ಕಿವಿ ಮುಚ್ಚಿಕೊಂಡ.

"ರೀ, ಆಸ್ಪತ್ರ್ಯಾಗ ರಕ್ತ ನೋಡಿದ್ರು. ಎಂಟೂ ಇಲ್ಲಂತೆ. ಕಬ್ಬಿನ ಅಂಶ ಕಮ್ಮಿ ಐತಂತೆ."

"ಯಾವ ಅಂಶ?"

"ಕಬ್ಬಿನ ಅಂಶ! ಊಟದಾಗೂ ಜಾಸ್ತಿ ತಗೋಬೇಕಂತೆ. ರಕ್ತ ಹತ್ತಕ್ಕೆ ಬರೋ ತನಕ ಗರ್ಭಕೋಶದ ಆಪರೇಷನ್ ಇಲ್ಲಂತೆ. ಸಂಜಿಗೆ ನಿಮ್ಮನ್ನೂ ಕರ್ಕೊಂಡು ಬಾ ಅಂದಾರೆ."

ಹನುಮೇಶ ಕುಲುಮೆ ಬಿಟ್ಟು ಈಚೆ ಬಂದ. ಯುಗಾದಿಯಿಂದೀಚೆಗೆ ನಾಗಕ್ಕ ಮನೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ್ದಿಲ್ಲ. ಐದನೆಯ ಮೆಟ್ಟಿಲಿನಲ್ಲಿ ಕೂರುತ್ತಿದ್ದಳು. ಯಾರಾದರೂ ಕಂಡರೆ ಸೆರಗು ಸರಿಮಾಡಿಕೊಳ್ಳುವವಳಂತೆ ನಟಿಸುತ್ತಿದ್ದಳು. ಅವನು ಕಂಡೂ ಕಾಣದವನಂತೆ ಇದ್ದುಬಿಟ್ಟಿದ್ದ. ಕೇಳಿದರೆ ನಿಜ ಹೇಳಿಬಿಟ್ಟಾಳೆಂಬ ಭಯ. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳುವುದೂ ಅವನಿಂದ ಆಗುತ್ತಿರಲಿಲ್ಲ.

"ಕಬ್ಬಿನ ಹಾಲು ಕುಡಿಸಿದ್ರೆ ಆಗ್ತೈತೇನೋ?" ಎಂದು ಅಚ್ಚು ಹಾಕುವ ನಿಂಗರಾಜನನ್ನು ಕೇಳಿದ.

"ಹಾಲು ಬರೇ ನೀರು ಕಣಣ್ಣ," ಎಂದು ನಿಂಗರಾಜ ಪಕ್ಕದ ಕರಿ ಡ್ರಮ್ಮು ತಟ್ಟಿದ. ಅಚ್ಚಿನ ಮರಳು ಗಟ್ಟಿಯಾಗಲೆಂದು ಅವರು ಅದರೊಳಗಿನ ಕಾಕಂಬಿ ಬೆರೆಸುತ್ತಾರೆ. "ಕಬ್ಬು ಅರೆದು, ಕಾಯಿಸಿ, ಸಕ್ರಿ ಎಲ್ಲಾ ತೆಗೆದ ಮ್ಯಾಲೆ ಉಳಿಯೋದು ಇದು. ಕಬ್ಬಿನ ಸತ್ವ ಅಂದ್ರೆ ಇದೇ. ಮರಳನ್ನೇ ಕಲ್ಲು ಮಾಡ್ತೈತೆ, ಮನುಷ್ಯರನ್ನ ಬಿಡ್ತೈತಾ? ಈ ಡ್ರಮ್ಮಿಂದು ಬ್ಯಾಡ, ಬರೇ ತುಕ್ಕು. ಮಂಡಿಪೇಟೆ ಹಿಂಡಿ ಅಂಗಡ್ಯಾಗ ಕೇಳು."

ಅರ್ಧ ದಿನ ರಜೆ ಹಾಕಿ ಹನುಮೇಶ ಮಂಡಿಪೇಟೆ ಸೇರಿದ. ಹಿಂಡಿ ಅಂಗಡಿಯ ವಾಮದೇವಪ್ಪನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು. ದನದ ವಿಷಯದಲ್ಲಿ ಅವರು ಅರ್ಧ ಡಾಕ್ಟರು.

"ಕಾಕಂಬಿ ಬೇಕಾಗಿತ್ರಿ."

"ಕೂಡ್ರಿ. ಎಷ್ಟು ಎಮ್ಮಿ ಅದಾವೆ?"

ಹೆಂಡತಿಗೆ ಎನ್ನಲು ಹನುಮೇಶನಿಗೆ ಬಾಯಿ ಬರಲಿಲ್ಲ. "ಒಂದೇ ರೀ."

"ಏನು ತೊಂದ್ರಿ?"

"ಭಾಳ ಸುಸ್ತು. ಮೆಟ್ಲು ಹತ್ತಿದ್ರೆ ಏದುಸಿರು ಬರ್ತೈತೆ."

ವಾಮದೇವಪ್ಪ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರಿ, ಎಮ್ಮಿನ ಯಾಕ ಮೆಟ್ಲು ಹತ್ತಿಸ್ತೀರಿ?"

ಮೂಟೆ ಹೊರುವವರು ನಕ್ಕರು. ಹನುಮೇಶ ನಗಲಿಲ್ಲ. ಅವನ ಕಣ್ಣು ತುಂಬಿ ಬಂತು. "ಎಮ್ಮಿ ಅಲ್ರಿ. ನಮ್ಮ ಮನಿಯಾಕಿ."

ವಾಮದೇವಪ್ಪ ಎದ್ದು ಹಿಂದಿನ ಮನೆಗೆ ಹೋಗಿ, ಮುಕ್ಕಾಲು ತುಂಬಿದ ಒಂದು ಗಾಜಿನ ಬಾಟಲಿ ಹಿಡಿದು ಬಂದರು.

"ಇದು ಮನುಷ್ಯರು ತಿನ್ನೋ ಕಾಕಂಬಿ. ನಮ್ಮವ್ವಗ ಅಂತ ಮೊಮ್ಮಗಳು ಎಲ್ಲಿಂದಲೋ ತರಿಸ್ಯಾಳೆ. ಸಕ್ರಿ ಬದಲು ಹಾಕ್ತೀವಿ. ತಗೊಂಡು ಹೋಗ್ರಿ. ಇದ್ರಾಗ ಏನೈತೆ ಅಂತ ಗೊತ್ತಲ್ಲ?"

"ಗೊತ್ತೈತ್ರಿ. ಕಬ್ಬಿನ ಅಂಶ."

"ಹೂಂ, ಅದೇ ಅದೇ," ಎಂದು ಅರ್ಧ ಕಿವುಡರಾದ ವಾಮದೇವಪ್ಪ ತಲೆಯಾಡಿಸಿದರು.

ಹರಿಹರದ ಬಸ್ಸಿನಲ್ಲಿ ಹನುಮೇಶ ಬಾಟಲಿಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡ. ಗ್ರಹಚಾರ ನೋಡಿ, ಪಕ್ಕದಲ್ಲಿ ಬಂದು ಕೂತವಳು ಅವರ ಓಣಿಯ ಉಚ್ಚಂಗಮ್ಮ. ಓಣಿಗೆ ಪೇಪರು ಹಾಕುವ ಅಗತ್ಯವಿಲ್ಲ, ಉಚ್ಚಂಗಮ್ಮ ಇದ್ದಾಳೆ. ಬಸ್ಸು ಒಂದು ಹಂಪು ಹಾರಿತು. ಸಡಿಲವಾಗಿದ್ದ ಮುಚ್ಚಳದಿಂದ ಕಪ್ಪು ರಸ ಜಿನುಗಿ ಅವಳ ಹೊಸ ಸೀರೆಯ ಮೇಲೆ ಬಿತ್ತು.

"ಏನ್ರಿ ಇದು?"

"ಕಾಕಂಬಿ ಕಣಕ್ಕ."

"ಅಯ್ಯೋ ಶಿವನೇ! ಸಾರಾಯಿ ಕಾಯ್ಸೋದಲ್ಲೇನ್ರಿ!"

ಇಡೀ ಬಸ್ಸು ತಿರುಗಿತು. ಹನುಮೇಶ ಗಾಬರಿಯಲ್ಲಿ, "ನನಗಲ್ಲ, ನಮ್ಮ ಮನಿಯಾಕಿಗೆ!" ಎಂದುಬಿಟ್ಟ. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಅವನು ನಲ್ಲಿಯಲ್ಲಿ ಕೈ ತೊಳೆದು ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಬಾಗಿಲಲ್ಲಿ ಅರ್ಧ ಓಣಿ ನಿಂತಿತ್ತು. ಹಿತ್ತಲಿನಾಚೆಯ ರಂಗವ್ವ ಬಾಟಲಿಯನ್ನು ಮೂಸಿ ನೋಡಿ, "ಸಾರಾಯಿನೂ ಅಲ್ಲ ಸುಡುಗಾಡೂ ಅಲ್ಲ. ನಾವು ಎಮ್ಮಿಗೆ ಹಾಕೋದು," ಎಂದು ತೀರ್ಪು ಕೊಟ್ಟಳು.

ನಾಗಕ್ಕನ ಮುಖ ಸಣ್ಣದಾಯಿತು. "ಎಮ್ಮಿಗೆ ಹಾಕೋದು ನನಗೆ ತಂದ್ರೇನ್ರಿ?"

"ನೀನೇ ಅಲ್ಲೇನೇ ಹೇಳಿದ್ದು, ಕಬ್ಬಿನ ಅಂಶ ಕಮ್ಮಿ ಐತೆ ಅಂತ!"

ಕಾಲೇಜಿನಿಂದ ಬಂದ ಮಗಳು ಸ್ವಾತಿ ಡಾಕ್ಟರ ಚೀಟಿ ಓದಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಕಬ್ಬಿನ ಅಲ್ಲ, ಕಬ್ಬಿಣ! ಐರನ್! ನೀವು ದಿನಾ ಕರಗಿಸ್ತೀರಲ್ಲ, ಅದು!"

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫೌಂಡ್ರಿಯಲ್ಲಿ ಅದನ್ನು ಬೀಡು ಅನ್ನುತ್ತಾರೆ, ಮೆಟಲ್ ಅನ್ನುತ್ತಾರೆ. ಕಬ್ಬಿಣ ಎಂದು ಯಾರೂ ಅಂದದ್ದಿಲ್ಲ. ಆದರೆ ಅದನ್ನು ಯಾರಿಗೆ ಹೇಳುವುದು? ಇಪ್ಪತ್ತೆರಡು ವರ್ಷ ಅದರಲ್ಲೇ ಅನ್ನ ಉಂಡವನು ತಲೆ ತಗ್ಗಿಸಿ ನಿಂತ.

"ಹೋಗ್ಲಿ, ನಮ್ಮ ಎಮ್ಮಿಗಾದ್ರೂ ಆಗ್ಲಿ ಕೊಡ್ರಿ," ಎಂದು ರಂಗವ್ವ ಕೈ ಚಾಚಿದಳು. ಅವನು ಕೊಟ್ಟುಬಿಟ್ಟ.

ಸಂಜೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ್ ಸುಧಾ ಅವರ ಮುಂದೆ ಕೂತರು.

"ಮಾತ್ರೆ ಒಂದು ದಿನಾನೂ ತಪ್ಪಿಸಬ್ಯಾಡ್ರಿ, ಅದೇ ಮುಖ್ಯ," ಎಂದರು ಡಾಕ್ಟರು. "ಜೊತಿಗೆ ಸೊಪ್ಪು, ಕಾಳು, ರಾಗಿ. ಇನ್ನೊಂದು, ಚಹಾಕ್ಕೆ ಸಕ್ರಿ ಬ್ಯಾಡ. ತಿನ್ನೋ ಕಾಕಂಬಿ ಸಿಕ್ರೆ ದಿನಾ ಎರಡು ಚಮಚ ತಗೋರಿ. ಸಕ್ರೀಲಿ ಏನೂ ಇರಲ್ಲ. ಅದ್ರಾಗ ಒಂದಿಷ್ಟು ಉಳ್ದಿರ್ತೈತೆ."

ಹನುಮೇಶ ಕುರ್ಚಿಯ ಅಂಚಿಗೆ ಬಂದ. "ಏನು ಉಳ್ದಿರ್ತೈತ್ರಿ ಮೇಡಂ?"

"ಕಬ್ಬಿಣ," ಎಂದರು ಡಾಕ್ಟರು, ಣಕಾರ ಒತ್ತಿ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಗೆ ಬಂದು ನಾಗಕ್ಕ ಐದನೆಯ ಮೆಟ್ಟಿಲಿನಲ್ಲಿ ಕೂತಳು. ಈ ಸಲ ಹನುಮೇಶನೂ ಪಕ್ಕದಲ್ಲಿ ಕೂತ.

"ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ರಿ," ಎಂದಳು, ಉಸಿರು ಎಳೆದುಕೊಂಡು. "ನಗೋರ ಮುಂದೆ ನಾನಾದ್ರೂ ಒಂದು ಚಮಚ ತಿನ್ಬೇಕಿತ್ತು. ಹೋಗಿ ಇಸ್ಕೊಂಡು ಬರ್ರಿ. ತಿಂತೀನಿ."

ಅವನು ಹಿತ್ತಲು ದಾಟಿ ಓಡಿದ. ಬಾಟಲಿ ಗೋದಲಿಯ ಪಕ್ಕದಲ್ಲಿ ಬರಿದಾಗಿ ಬಿದ್ದಿತ್ತು. ಎಮ್ಮೆ ಮೂತಿ ನೆಕ್ಕಿಕೊಳ್ಳುತ್ತ ಅವನನ್ನು ಬಹಳ ಪ್ರೀತಿಯಿಂದ ನೋಡಿತು.

"ಎಂಥದು ತಂದುಕೊಟ್ರಿ ಮಾರಾಯ್ರೆ!" ರಂಗವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಅದರ ರುಚಿ ಹತ್ತಿ ಈಗ ಹಿಂಡಿ ಮೂಸಿನೂ ನೋಡವಲ್ದು. ಹಾಲು ಕೊಡವಲ್ದು. ನಾಳೆ ಬೆಳಿಗ್ಗೆ ಕಾಕಂಬಿ ತಂದುಕೊಡ್ಲಿಲ್ಲ ಅಂದ್ರೆ ನಿಮ್ಮ ಮನಿಗೂ ಹಾಲಿಲ್ಲ."

ಗುರುವಾರ ಅಂಗಡಿ ತೆರೆಯುವ ಮೊದಲೇ ಹನುಮೇಶ ಮಂಡಿಪೇಟೆಯಲ್ಲಿದ್ದ. ತಿನ್ನುವ ಕಾಕಂಬಿ ಇದ್ದದ್ದು ಅದೊಂದೇ ಬಾಟಲಿ, ಮತ್ತೆ ಬರಲು ತಿಂಗಳಾಗುತ್ತದೆ ಎಂದರು ವಾಮದೇವಪ್ಪ.

"ಹಂಗಾದ್ರೆ ದನದ್ದೇ ಒಂದು ಕ್ಯಾನ್ ಕೊಡ್ರಿ," ಎಂದ ಹನುಮೇಶ, ಸೋತ ದನಿಯಲ್ಲಿ.

"ಯಾರಿಗ್ರಿ?"

"ಎಮ್ಮಿಗೆ."

ವಾಮದೇವಪ್ಪ ಗಾದಿ ಇಳಿದು ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ಎಷ್ಟೇ ಬೇಜಾರಾಗಿರ್ಲಿ ಯಜಮಾನ್ರೆ," ಎಂದರು, "ಆ ತಾಯಿನ ಹಂಗನ್ನಬ್ಯಾಡ್ರಿ."