ಮಾವನವರ ಹಸಿರು ಬಾವುಟ

ನಮ್ಮ ಮನೆಯಲ್ಲಿ ಇಡ್ಲಿಗೆ ರುಬ್ಬಬೇಕಾದರೆ ಸೂರ್ಯನ ಅಪ್ಪಣೆ ಬೇಕು. ತಮಾಷೆಯಲ್ಲ, ನಿಜವಾಗಿ! ಆ ಅಪ್ಪಣೆಯೂ ನಮಗೆ ನೇರವಾಗಿ ಸಿಗುವುದಿಲ್ಲ, ನಮ್ಮ ಮಾವನವರ ಕೈಯಿಂದಲೇ ಬರಬೇಕು. ಅವರು ತಾರಸಿಯ ಮೆಟ್ಟಿಲ ಮೇಲೆ ನಿಂತು ಹಸಿರು ಬಾವುಟ ತೋರಿಸಿದರೆ ಗ್ರೈಂಡರ್ ತಿರುಗಬಹುದು, ಇಸ್ತ್ರಿಪೆಟ್ಟಿಗೆ ಬಿಸಿಯಾಗಬಹುದು. ಕೆಂಪು ಬಾವುಟ ಬಂತೋ, ಉದ್ದು ನೀರಲ್ಲೇ ಬಿದ್ದಿರಬೇಕು. ವಾರವಿಡೀ ಬ್ಯಾಂಕಿನಲ್ಲಿ ದುಡಿಯುವ ಹೆಂಗಸು ನಾನು. ಭಾನುವಾರವಾದರೂ ನೆಮ್ಮದಿಯಾಗಿ ಇರೋಣವೆಂದರೆ, ಉದ್ದಿನ ಪಾತ್ರೆ ಹಿಡಿದು ಮೆಟ್ಟಿಲ ಬುಡದಲ್ಲಿ ಸಿಗ್ನಲ್ ಕಾಯುತ್ತಾ ನಿಂತಿರುತ್ತೇನೆ. ಯಾರ ಹತ್ತಿರ ಹೇಳಿಕೊಳ್ಳಲಿ?

ಮನೆಯಲ್ಲಿ ಬಾವುಟ ಎಲ್ಲಿಂದ ಬಂತು ಎನ್ನುತ್ತೀರಾ? ಮಾವನವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಮೈಸೂರು ಬಿಟ್ಟು ಕೋಲ್ಕತ್ತಕ್ಕೆ ಬಂದು, ಖಿದಿರ್‌ಪುರದ ಹಡಗುಕಟ್ಟೆಯಿಂದ ಹೊರಡುವ ಗಾಡಿಗಳ ಕೊನೆಯ ಡಬ್ಬಿಯಲ್ಲಿ ಕೂತು ಅರ್ಧ ಆಯುಸ್ಸು ಕಳೆದು, ಬಾರಾನಗರದಲ್ಲಿ ಈ ಪುಟ್ಟ ಮನೆ ಕಟ್ಟಿಸಿದರು. ನೌಕರಿ ಅವರನ್ನು ಬಿಟ್ಟಿತು, ಅವರು ಬಾವುಟ ಬಿಡಲಿಲ್ಲ. "ಮೂವತ್ತಾರು ವರ್ಷ ಸರ್ವಿಸು. ಒಂದು ದಿನ ಸುಳ್ಳು ಹಸಿರು ತೋರಿಸಿದೋನಲ್ಲ ನಾನು" ಎನ್ನುವ ಮಾತು ನಮ್ಮ ಊಟದಲ್ಲಿ ಉಪ್ಪಿನಕಾಯಿಯಿದ್ದ ಹಾಗೆ. ಎರಡು ಹೊತ್ತೂ ಇರಲೇಬೇಕು.

ಇಂಥವರು ಒಂದು ದಿನ ತಾರಸಿಯ ಮೇಲೆ ಸೋಲಾರ್ ಹಾಕಿಸುತ್ತೇನೆ ಎಂದರು. ಅಲ್ಲ, ಹಾಕಿಸುವುದಕ್ಕೂ ಒಂದು ಊರು ಬೇಡವೇ? ಇಲ್ಲಿ ಜೂನ್‌ನಿಂದ ದುರ್ಗಾಪೂಜೆಯ ತನಕ ಮೋಡ. ಚಳಿಗಾಲದಲ್ಲಿ ಮಂಜೋ ಹೊಗೆಯೋ ಹೇಳಲಾಗದ ಬೂದಿ ಬಣ್ಣ. ನಡುವೆ ಉಳಿದ ನಾಲ್ಕು ತಿಂಗಳು ಬಿಸಿಲು ಬಂದರೆ ಅದರ ಮೇಲೆ ಧೂಳು, ಧೂಳಿನ ಮೇಲೆ ಪಾರಿವಾಳ! ನನ್ನ ಗಂಡ ಫೋನಿನಲ್ಲಿ ಏನೇನೋ ಓದಿ, ಈ ಊರಿಗೆ ಅದು ಹೇಳಿ ಮಾಡಿಸಿದ್ದಲ್ಲ ಎಂದು ವಾದಿಸಿದರು. ಪಕ್ಕದ ಮನೆಯ ದಾದಾ ಬಂದು ಚಹಾ ಕುಡಿದು, ಆಕಾಶ ನೋಡಿ, ತಲೆಯಾಡಿಸಿ ಹೋದರು.

"ಮೋಡದಲ್ಲೂ ಬರುತ್ತೆ. ಕಮ್ಮಿ ಬರುತ್ತೆ, ಅಷ್ಟೆ. ಗೂಡ್ಸ್ ಗಾಡಿ ಲೇಟಾಗಿ ಬಂದ್ರೆ ಬರ್ಲೇ ಇಲ್ಲ ಅಂತೀರಾ?" ಎಂದರು ಮಾವ.

ಇಷ್ಟು ಹಟ ಯಾಕೆಂದರೆ, ಕಾರಣ ನಮ್ಮ ಅತ್ತೆ. ಕೋಣೆಯಿಂದ ನೀವು ಹೊರಗೆ ಕಾಲಿಡುವ ಮೊದಲೇ ಫ್ಯಾನಿನ ಸ್ವಿಚ್ ಆರಿಸುವ ಜಾತಿ ಅವರದು. ಹಿಂದಿನ ವರ್ಷ ಬೇಸಿಗೆಯಲ್ಲಿ, ಮೈಗೆ ಅಂಟುವ ಈ ಊರಿನ ಸೆಕೆಯಲ್ಲಿ, ಒಲೆಯ ಮುಂದೆ ತಲೆತಿರುಗಿ ಬಿದ್ದುಬಿಟ್ಟರು. ಹೃದಯ ಸೋತಿದೆ, ಮಧ್ಯಾಹ್ನಗಳಲ್ಲಿ ತಂಪಿನಲ್ಲೇ ಇರಬೇಕು, ಇನ್ನೊಂದು ಸಲ ಹೀಗೆ ಬಿದ್ದರೆ ಕಷ್ಟ ಎಂದರು ಡಾಕ್ಟರು. ಅವರ ಕೋಣೆಯ ಕಿಟಕಿಗೆ ಎಸಿ ಕೂರಿಸಿದೆವು. ಅತ್ತೆ ಅದಕ್ಕೊಂದು ಕ್ರೋಶಾ ಬಟ್ಟೆ ಹೆಣೆದು ಹೊದಿಸಿ, ಮೇಲೆ ಗಣಪತಿಯನ್ನು ಕೂರಿಸಿದರು! ಬೇಡಿಕೊಂಡರೆ ಹಾಕುವರು, ನಾವು ಗೇಟು ದಾಟುವ ಮೊದಲೇ ಆರಿಸುವರು. ಬೀಸಣಿಗೆ ಇರುವಾಗ ಅಷ್ಟೊಂದು ಕರೆಂಟು ಸುಡುವುದು ಪಾಪವಂತೆ. ಬೈದು, ಅತ್ತು, ಮೊಮ್ಮಗಳ ಆಣೆ ಹಾಕಿ ಎಲ್ಲರೂ ಸೋತ ಮೇಲೆ ಮಾವ ಕೇಳಿದರು, ಬಿಸಿಲಿನ ಕರೆಂಟಾದರೆ ಹಾಕಿಕೊಳ್ಳುತ್ತೀಯಾ ಎಂದು.

"ಬಿಸಿಲಿಂದಾದ್ರೆ ಸರಿ. ಅದು ಹೆಂಗಿದ್ರೂ ಸುಮ್ನೆ ಹಾಳಾಗೋದು," ಎಂದರು ಅತ್ತೆ.

ಮರುತಿಂಗಳು ಪ್ಯಾನೆಲ್‌ಗಳು ಬಂದು ಅತ್ತೆ ಸಂಡಿಗೆ ಒಣಗಿಸುವ ಜಾಗದಲ್ಲೇ ಕೂತವು. ಕರೆಂಟಿನ ಬಿಲ್ಲಿನ ಉಸಾಬರಿ ತಮ್ಮದು, ಬೇರೆ ಯಾರೂ ಕೈಹಾಕಕೂಡದು ಎಂದು ಮಾವ ಅಂದೇ ಅಪ್ಪಣೆ ಕೊಡಿಸಿದರು.

ಆಮೇಲೆ ಶುರುವಾಯಿತು ನಮ್ಮ ಪಾಡು. ಹಸಿರು ಬಂದರೆ ಅತ್ತೆ ಎಸಿ ಹಾಕುವರು, ಕೆಂಪು ಬಂದರೆ ಬೀಸಣಿಗೆ ಹಿಡಿದು ಬೆವರುವರು. ಹಾಗಾಗಿ ನಾನು ಹಗಲೆಲ್ಲ ಬ್ಯಾಂಕಿನಿಂದ ಫೋನ್ ಮಾಡಿ "ಯಾವ ಬಾವುಟ?" ಎಂದು ಕೇಳಬೇಕು. ಕೌಂಟರಿನ ಮುಂದೆ ನಿಂತ ಗಿರಾಕಿಗಳು ನನ್ನನ್ನು ಯಾವ ಪಕ್ಷದವಳು ಎಂದುಕೊಂಡರೋ! ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಅವಳೂ ಶಾಲೆಗೆ ಹೊರಡುವ ಮುಂಚೆ "ತಾತ, ಆಜ್ ಸಿಗ್ನಲ್ ಕ್ಯಾ ಹೈ?" ಎಂದು ಕೇಳಿಯೇ ಹೊರಡುವಳು. ಇಲ್ಲಿ ಎಲ್ಲರೂ ಗಾಳಿಪಟ ಹಾರಿಸುವ ವಿಶ್ವಕರ್ಮ ಪೂಜೆಯ ದಿನ ಊರ ಪಟವೆಲ್ಲ ಹರಿದು ನಮ್ಮ ಪ್ಯಾನೆಲ್ ಮೇಲೆ ಬೀಳತೊಡಗಿದಾಗ ಮಾವ ಇಡೀ ಮಧ್ಯಾಹ್ನ ಆಕಾಶಕ್ಕೆ ಕೆಂಪು ಬಾವುಟ ತೋರಿಸುತ್ತಾ ನಿಂತಿದ್ದರು. ಒಂದು ಗಾಳಿಪಟವೂ ನಿಲ್ಲಲಿಲ್ಲ.

ಅದಕ್ಕಿಂತ ಅಂದವಾದದ್ದು ಕರೆಂಟು ಹೋದ ದಿನ. "ನಿಮ್ಮ ಮನೇಲಿ ಹೋದ್ರೆ ನಮ್ಮನೆಗೆ ಬನ್ನಿ, ನಮ್ದು ಸ್ವಂತದ್ದು" ಎಂದು ಮಾವ ಬೀದಿಯಲ್ಲೆಲ್ಲ ಸಾರಿದ್ದರು. ಒಂದು ಭಾನುವಾರ ಮಧ್ಯಾಹ್ನ ಬೆಂಕಿಯಂಥ ಬಿಸಿಲು, ಇಡೀ ಪಾಡಾಕ್ಕೆ, ಅಂದರೆ ನಮ್ಮ ಕೇರಿಗೇ, ಕರೆಂಟಿಲ್ಲ. ದಾದಾ, ಅವರ ಹೆಂಡತಿ, ಅವರ ವಯಸ್ಸಾದ ತಾಯಿ, ಎದುರು ಮನೆಯ ಇಬ್ಬರು, ಎಲ್ಲ ಬಂದು ನಮ್ಮ ಹಜಾರದ ಫ್ಯಾನಿನ ಕೆಳಗೆ ಸಾಲಾಗಿ ಕೂತರು. ಮಾವ ಗತ್ತಿನಿಂದ ಸ್ವಿಚ್ ಒತ್ತಿದರು. ಫ್ಯಾನು ಅಲ್ಲಾಡಲಿಲ್ಲ! ಬೀದಿಯ ಲೈನು ಸತ್ತರೆ ನಮ್ಮ ಸೋಲಾರ್ ಪೆಟ್ಟಿಗೆಯೂ ತಾನಾಗಿ ನಿಂತುಹೋಗುತ್ತದೆ ಎಂದು ಯಾರಿಗೆ ಗೊತ್ತು? ಐದು ಜನ ನಿಂತ ಫ್ಯಾನನ್ನು ನೋಡುತ್ತಾ ಬೆವರಿದರು. ನಾನು ಎಲ್ಲರಿಗೂ ಮಜ್ಜಿಗೆ ಕೊಟ್ಟು ಸಾಕಾದೆ. ಮರುದಿನ ಮೆಕ್ಯಾನಿಕ್ ಬಂದು, ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ ಎಂದು ವಿವರಿಸಿದ. ಮಾವನಿಗೆ ಬೇಸರವಾಗುತ್ತದೆ ಎಂದುಕೊಂಡರೆ, ಅವರ ಮುಖ ಅರಳಿತು. ಎದುರಿಗೆ ಮನುಷ್ಯನಿದ್ದರೆ ಗಾಡಿ ನಿಲ್ಲಲೇಬೇಕು, ಸರಿಯಾಗಿಯೇ ಮಾಡಿದ್ದಾರೆ ಎಂದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ಈ ವರ್ಷದ ಮಳೆಗಾಲ ಬಂತು. ಜುಲೈ ತಿಂಗಳ ಒಂದು ಸಂಜೆ ಮನೆ ನಡುಗುವ ಹಾಗೆ ಸಿಡಿಲು ಬಡಿಯಿತು. ಮರುದಿನ ಮೆಕ್ಯಾನಿಕ್ ಬಂದು ನೋಡಿಕೊಂಡು ಹೋದನಂತೆ. ಏನೂ ಆಗಿಲ್ಲ ಎಂದರು ಮಾವ. ಅಲ್ಲಿಂದ ಮುಂದೆ ಒಂದು ವಿಚಿತ್ರ ನಡೆಯಿತು. ಕೆಂಪು ಬಾವುಟ ಕಾಣುವುದೇ ನಿಂತುಹೋಯಿತು. ಹೊರಗೆ ಮುಸಲಧಾರೆ ಸುರಿಯುತ್ತಿದೆ, ಹನ್ನೊಂದು ಗಂಟೆಗೆ ಹಸಿರು! ಹಗಲಲ್ಲೇ ದೀಪ ಹಚ್ಚುವಷ್ಟು ಕತ್ತಲೆ, ಹಸಿರು! ರಾತ್ರಿ ಊಟಕ್ಕೆ ಕೂತಾಗ ಇವತ್ತು ಎಂಟು ಯೂನಿಟ್ಟು ಎಂದು ವರದಿ ಬೇರೆ. ಕಣ್ಣಿಗೆ ಪೊರೆ ಬಂದಿರಬೇಕು, ತೋರಿಸಬೇಕು ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡೆವು. ಆದರೆ ಅತ್ತೆ ದಿನವೂ ಎಸಿ ಹಾಕಿಕೊಂಡು ಒಂದು ನಿದ್ದೆ ಮಾಡುತ್ತಿದ್ದರು. ನನಗೆ ಬ್ಯಾಂಕಿನಿಂದ ಫೋನ್ ಮಾಡುವ ಕೆಲಸ ತಪ್ಪಿತ್ತು. ದಣಿದವಳಿಗೆ ಅಷ್ಟು ಸಾಕಿತ್ತು, ನಾನು ಹೆಚ್ಚು ಕೆದಕಲಿಲ್ಲ.

ಹೋದ ವಾರ ಮಾವನಿಗೆ ಜ್ವರ. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಹಜಾರದ ಮಂಚದ ಮೇಲೆ ಹೊದ್ದು ಮಲಗಿದ್ದವರು ಗೋಡೆಯ ಗಡಿಯಾರ ನೋಡಿ ನನ್ನನ್ನು ಹತ್ತಿರ ಕರೆದರು.

"ಹನ್ನೊಂದಾಯ್ತು. ಹಸಿರು ತೋರಿಸ್ಬಿಡಮ್ಮ. ಮೇಲೆ ಹೋಗ್ಬೇಡ, ಮೆಟ್ಲು ಜಾರುತ್ತೆ."

ಬ್ಯಾಂಕಿನವಳಿಗೆ ನೋಡದೆ ಮುದ್ರೆ ಒತ್ತಿ ಅಭ್ಯಾಸವಿಲ್ಲ. ಮಳೆಯಲ್ಲೇ ಮೇಲೆ ಹೋದೆ. ಮೆಟ್ಟಿಲ ತುದಿಯ ಗೋಡೆಗೆ ಹಾಕಿರುವ ಸೋಲಾರ್ ಪೆಟ್ಟಿಗೆಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಪಕ್ಕದ ಗೋಡೆ ಸುಟ್ಟು ಕಪ್ಪಾಗಿತ್ತು. ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಸಿಡಿಲಿಗೆ ಸುಟ್ಟುಹೋಗಿದೆ, ದಾದುವಿಗೆ, ಅಂದರೆ ಮಾವನಿಗೆ, ಜುಲೈನಲ್ಲೇ ಹೇಳಿದ್ದೇನೆ, ಹೊಸ ಪೆಟ್ಟಿಗೆ "ಪುಜೋರ್ ಪೊರೆ" ಎಂದ ಮೆಕ್ಯಾನಿಕ್. ಪೂಜೆಯಾದ ಮೇಲೆ! ಈ ಊರಿನಲ್ಲಿ ಮಳೆಗಾಲ ಬಂತೆಂದರೆ ಎಲ್ಲ ಕೆಲಸವೂ ಪೂಜೆಯಾದ ಮೇಲೆಯೇ. ಅದು ನನಗೆ ಹೊಸದಲ್ಲ. ಆದರೆ ಜುಲೈನಿಂದ ಈವರೆಗೆ ನಮ್ಮ ತಾರಸಿಯಲ್ಲಿ ಒಂದು ಯೂನಿಟ್ಟೂ ಹುಟ್ಟಿರಲಿಲ್ಲ. ಎಸಿ ಓಡಿದ್ದೆಲ್ಲ ಬೀದಿಯ ಲೈನಿನ ಕರೆಂಟಿನಲ್ಲೇ, ಬಿಲ್ಲು ಮಾವನ ಕೈಯಲ್ಲಿ.

ನಾನು ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂವತ್ತಾರು ವರ್ಷ ಸುಳ್ಳು ಹಸಿರು ತೋರಿಸದ ಮನುಷ್ಯ, ಪ್ರತಿದಿನ ಈ ಸತ್ತ ಪೆಟ್ಟಿಗೆಯ ಮುಂದೆ ನಿಂತು, ತನ್ನ ಹೆಂಡತಿ ತಂಪಿನಲ್ಲಿ ಮಲಗಲೆಂದು ಹಸಿರು ತೋರಿಸಿ ಇಳಿದು ಬರುತ್ತಿದ್ದರು. ಅವರನ್ನು ನೋಡಿ ನಾನು ಎಷ್ಟು ನಕ್ಕಿದ್ದೆ, ಎಷ್ಟು ಸಿಡುಕಿದ್ದೆ! ಅಳು ಬಂತು, ಒಂದಿಷ್ಟು ಅತ್ತುಬಿಟ್ಟೆ. ಆಮೇಲೆ ಇಳಿದು, ಮೆಟ್ಟಿಲ ಬುಡದ ಮೊಳೆಗೆ ತೂಗುಹಾಕಿದ್ದ ಹಸಿರು ಬಾವುಟ ತೆಗೆದುಕೊಂಡು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತೆ.

ಮಂಚದ ಮೇಲೆ ಬೀಸಣಿಗೆ ಹಿಡಿದು ಕೂತಿದ್ದ ಅತ್ತೆ ಬಾವುಟ ನೋಡಿದರು. ಕಿಟಕಿಯ ಗಾಜಿನಾಚೆ ಸುರಿಯುವ ಮಳೆ ನೋಡಿದರು. ನನ್ನ ಕಣ್ಣು ನೋಡಿದರು.

"ಇಷ್ಟು ಮೋಡದಲ್ಲೂ ಬರುತ್ತೇನಮ್ಮ?"

"ಬರುತ್ತೆ ಅತ್ತೆ. ಕಮ್ಮಿ ಬರುತ್ತೆ, ಅಷ್ಟೆ."

ಅತ್ತೆ ಎದ್ದು ಗಣಪತಿಯನ್ನು ಪಕ್ಕಕ್ಕಿಟ್ಟು, ಕ್ರೋಶಾ ಬಟ್ಟೆ ತೆಗೆದು ಮಡಿಸಿ, ಸ್ವಿಚ್ ಹಾಕಿದರು.

"ಹಾಕ್ಕೊಂಡೆ ಅಂತ ನಿಮ್ಮ ಮಾವನಿಗೆ ಹೇಳ್ಬಿಡು. ಇಲ್ದಿದ್ರೆ ಜ್ವರದಲ್ಲೇ ಎದ್ದು ಮೇಲೆ ಹತ್ತಿಬಿಡ್ತಾರೆ, ಪಾಪ. ದಿನಾ ಸುಮ್ಸುಮ್ನೆ ಆ ಜಾರೋ ಮೆಟ್ಲು ಹತ್ತಿ ಇಳಿಯೋದು ನೋಡೋಕಾಗಲ್ಲ ನಂಗೆ," ಎಂದು ಹೇಳಿ, ಮಳೆಯ ಕಡೆಗೆ ಬೆನ್ನು ಮಾಡಿ ಮಲಗಿಕೊಂಡರು.