ಅಜ್ಜಿ ಮುಂಗುಸಿ ಸಿಗುವುದಿಲ್ಲ

ರಾಯಚೂರು, ಮಾನ್ವಿ, ದೇವದುರ್ಗ, ಈ ಮೂರೂ ಊರಿನ ಆಟಿಕೆ ಅಂಗಡಿಯವರು ಒಮ್ಮತಕ್ಕೆ ಬಂದ ಒಂದೇ ಒಂದು ವಿಷಯವಿದ್ದರೆ ಅದು ನಮ್ಮ ಸೋದರಮಾವ! ಅವನು ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಒಬ್ಬನಿಗೆ ಚಹಾದ ನೆನಪಾಗುತ್ತಿತ್ತು, ಇನ್ನೊಬ್ಬನಿಗೆ ಬ್ಯಾಂಕಿನ ಕೆಲಸ ನೆನಪಾಗುತ್ತಿತ್ತು. ದೇವದುರ್ಗದ ಬಸ್‌ಸ್ಟ್ಯಾಂಡ್ ಎದುರಿನವನಂತೂ ಶಟರನ್ನು ಅರ್ಧ ಇಳಿಸಿ ಅದರ ಹಿಂದೆ ನಿಂತುಬಿಡುತ್ತಿದ್ದ. ಮಾವ ಅವನ ಕಾಲು ನೋಡಿ ಗುರುತು ಹಿಡಿಯುತ್ತಿದ್ದ. ಜೀವಮಾನವೆಲ್ಲ ಡ್ರಿಲ್ ಮಾಸ್ತರನಾಗಿದ್ದವನಿಗೆ ಕಾಲೇ ಮುಖವಲ್ಲವೆ?

ಮಾವನಿಗೆ ಮಕ್ಕಳಿಲ್ಲ, ಆದ್ದರಿಂದ ಮೊಮ್ಮಕ್ಕಳ ಪ್ರಶ್ನೆಯೂ ಇಲ್ಲ. ಅಂಥವನಿಗೆ ಆಟಿಕೆ ಅಂಗಡಿಯಲ್ಲೇನು ಕೆಲಸ ಅಂತ ಕೇಳುತ್ತೀರಾ? ಹೆಂಡತಿಗೆ ಒಂದು ಗೊಂಬೆ ಬೇಕಾಗಿತ್ತು. ಹೆಂಡತಿ, ಅಂದರೆ ನಮ್ಮ ಅತ್ತೆ, ಸಾವಿನ ಕಡೆಗೆ ನಡೆದಿದ್ದಳು. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಆಟಿಕೆ ಅಂಗಡಿಯವರಿಗೆ ಮಾತ್ರ ಗೊತ್ತಿರಲಿಲ್ಲ.

ಮೊದಲು ಮಾವನ ಸ್ವಭಾವ ಹೇಳಿಬಿಡುತ್ತೇನೆ. ಅವನ ಬಾಯಿಂದ ಬರುವ ಮೊದಲ ಮಾತು 'ಇಲ್ಲ'. ಅತ್ತೆ ಮಳೆ ಬರುತ್ತದೆ ಅಂದರೆ 'ಬರಂಗಿಲ್ಲ' ಅನ್ನುತ್ತಿದ್ದ, ಅಂದವನೇ ಗೋಡೆಗೆ ನೇತುಹಾಕಿದ ಛತ್ರಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೊರಗೆ ಹೋಗುತ್ತಿದ್ದ! ನೆಂಟರು ಬರುತ್ತಾರೆ ಅಂದರೆ ಬರುವುದಿಲ್ಲ ಅಂತ ಜಗಳ ತೆಗೆದು, ಅವರಿಗಾಗಿ ಸಂತೆಯಿಂದ ಬದನೆಕಾಯಿ ತಂದು ಹಾಕುತ್ತಿದ್ದ. ಇಂಥ ಮನುಷ್ಯನ ಜೊತೆ ಸಂಸಾರ ಮಾಡಿದ ಅತ್ತೆ, ಅರಕೇರಾ ಊರಿನ ಹೆಣ್ಣುಮಗಳು, ಎಷ್ಟು ಜಾಣೆಯಾಗಿರಬೇಕು, ನೀವೇ ಯೋಚಿಸಿ.

ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟಾಗ ಡಯಾಲಿಸಿಸ್ ಪಾಳಿ ಸಿಕ್ಕಿದ್ದು ರಾಯಚೂರಿನ ಒಂದು ಸಣ್ಣ ದವಾಖಾನೆಯಲ್ಲಿ. ದೇವದುರ್ಗದಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತಿದ್ದರು, ಮುಗಿದ ಮೇಲೆ ನಮ್ಮ ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದರು. ಊಟ ಅಂದರೆ ಅತ್ತೆಗೆ ಉಪ್ಪಿಲ್ಲದ ಅನ್ನ. ಮಾವ ತಾಟಿನ ಮುಂದೆ ಕೂತು ಗೋಡೆ ನೋಡುತ್ತಿದ್ದ.

ಆ ವಾರ್ಡಿನ ಗೋಡೆಗೆ ಒಂದು ಟೀವಿ ಇತ್ತು. ಕೇಬಲ್ ಇರಲಿಲ್ಲ. ಮಷೀನು ನೋಡಿಕೊಳ್ಳುವ ಟೆಕ್ನಿಷಿಯನ್ ಎಲ್ಲಿಂದಲೋ ಒಂದು ಪೆನ್‌ಡ್ರೈವ್ ತಂದು ಚುಚ್ಚಿದ್ದ. ಅದರಲ್ಲಿ ಇದ್ದದ್ದು ಒಂದು ಮುಂಗುಸಿ ಮನೆತನದ ಕಾರ್ಟೂನ್ ಸಿನಿಮಾ. ಒಂದನೆಯ ಭಾಗ, ಎರಡನೆಯ ಭಾಗ, ಮೂರನೆಯ ಭಾಗ. ಬೇರೆ ಏನೂ ಇಲ್ಲ! ಅಪ್ಪ ಮುಂಗುಸಿ, ಅವ್ವ ಮುಂಗುಸಿ, ತುಂಟ ಮರಿಗಳು, ಮತ್ತು ಕಿವಿ ಹರಿದ ಒಬ್ಬಳು ಅಜ್ಜಿ. ಎಲ್ಲವೂ ಬೆಂಗಳೂರು ಕನ್ನಡ ಆಡುತ್ತಿದ್ದವು. ಹಾವಿಗೆ 'ದಯವಿಟ್ಟು ಹೊರಗೆ ಹೋಗಿ' ಅನ್ನುವ ಮುಂಗುಸಿಯನ್ನು ನಮ್ಮ ಸೀಮೆಯ ಮಂದಿ ಮೊದಲ ಸಲ ನೋಡಿದ್ದು ಅಲ್ಲೇ. ರಕ್ತ ಒಂದು ನಳಿಗೆಯಲ್ಲಿ ಹೊರಗೆ ಹೋಗಿ ಇನ್ನೊಂದರಲ್ಲಿ ಒಳಗೆ ಬರುತ್ತಿದ್ದರೆ, ಸಾಲಾಗಿ ಮಲಗಿದ ಮುದುಕರೆಲ್ಲ ಮಕ್ಕಳ ಸಿನಿಮಾ ನೋಡಿ ನಗುತ್ತಿದ್ದರು. ಹೊರಗಿನಿಂದ ಬಂದವರಿಗೆ ಇದು ದವಾಖಾನೆಯೋ ಅಂಗನವಾಡಿಯೋ ಅಂತ ಅನುಮಾನ ಬರಬೇಕು!

ಅತ್ತೆಗೆ ಅಜ್ಜಿ ಮುಂಗುಸಿಯ ಮೇಲೆ ಜೀವ. ಯಾರಿಗೂ ಹೆದರದ, ಹಾವು ಎದುರು ಬಂದರೂ ಉಂಡು ಕೈ ತೊಳೆದುಕೊಂಡೇ ಏಳುವ ಮುದುಕಿ. 'ನನ್ನಂಗ ಅದಾಳ' ಅಂತ ಅತ್ತೆ ಎಲ್ಲರಿಗೂ ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಬಳೆಯನ್ನೂ ಬಾಯಿಬಿಟ್ಟು ಕೇಳದವಳು ಒಂದು ದಿನ ಮಾವನಿಗೆ, ಆ ಅಜ್ಜಿಯ ಗೊಂಬೆ ಸಿಕ್ಕರೆ ತಂದುಕೊಡಿ, ಮಲಗಿದಾಗ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ ಅಂದಳು. ಮಾವ ಏನಂದ? 'ಸಿಗಂಗಿಲ್ಲ' ಅಂದ. ಅಂದವನೇ ಅವತ್ತೇ ತೀನ್ ಕಂದೀಲ್ ಪೇಟೆಯ ಕಡೆಗೆ ಹುಡುಕಲು ಹೋದ.

ಅಲ್ಲಿ ತಿಳಿದದ್ದೇನೆಂದರೆ, ಅಪ್ಪ ಮುಂಗುಸಿ ನೀರಿನ ಬಾಟಲಿಯ ಮೇಲಿದ್ದಾನೆ, ಅವ್ವ ಮುಂಗುಸಿ ಶಾಲೆಯ ಚೀಲದ ಮೇಲಿದ್ದಾಳೆ, ಮರಿಗಳು ಬೀಗದಕೈ ಗೊಂಚಲಿನಿಂದ ಹಿಡಿದು ಚಡ್ಡಿಯವರೆಗೆ ಎಲ್ಲೆಲ್ಲೂ ಇವೆ. ಅಜ್ಜಿ ಮಾತ್ರ ಎಲ್ಲೂ ಇಲ್ಲ. ಈ ಸುದ್ದಿ ವಾರ್ಡಿಗೆ ಮುಟ್ಟಿದ ಕೂಡಲೇ ಮಹಾಚರ್ಚೆ ಶುರುವಾಯಿತು.

ಚರ್ಚೆ ಯಾಕೆ ಮುಗಿಯಲಿಲ್ಲ ಅನ್ನುವುದಕ್ಕೆ ಒಂದು ಕಾರಣವಿದೆ. ಆ ವಾರ್ಡಿನಲ್ಲಿ ಯಾರೂ ಮೂರನೆಯ ಭಾಗದ ಕೊನೆ ನೋಡಿರಲಿಲ್ಲ! ಪಾಳಿ ಶುರುವಾದಾಗ ಒಂದನೆಯ ಭಾಗ ಹಚ್ಚುತ್ತಿದ್ದರು. ಮೂರನೆಯದರಲ್ಲಿ ಅಜ್ಜಿ ಒಬ್ಬಳೇ ಹಾವಿನ ಹುತ್ತದೊಳಗೆ ಇಳಿಯುವ ಹೊತ್ತಿಗೆ ಸರಿಯಾಗಿ ಮಷೀನು ಕೂಗುತ್ತಿತ್ತು, ಸೂಜಿ ತೆಗೆಯುತ್ತಿದ್ದರು, ಊರಿನ ಬಸ್ಸಿಗೆ ಓಡಬೇಕಿತ್ತು. ಕಲ್ಮಲದ ಹಿರಿಯರೊಬ್ಬರು ಇದೇನು ಗೋಳು ಅಂತ, ಮನೆಯಲ್ಲಿ ಮೊಮ್ಮಗಳ ಮೊಬೈಲಿನಲ್ಲಿ ಕೊನೆ ನೋಡಿಯೇ ಬರುತ್ತೇನೆ ಅಂತ ಸಾರಿ ಹೋದರು. ಮುಂದಿನ ಪಾಳಿಗೆ ಅವರ ಮಂಚ ಖಾಲಿ ಇತ್ತು. ಅವತ್ತಿನಿಂದ ವಾರ್ಡಿನಲ್ಲಿ ಒಂದು ಕಟ್ಟಳೆಯಾಯಿತು. ಕೊನೆಯನ್ನು ಯಾರೂ ನೋಡಬಾರದು, ನೋಡಿದವರು ಹೇಳಬಾರದು. ಪಾಪ, ಟೆಕ್ನಿಷಿಯನ್ ಒಮ್ಮೆ ಉಪಕಾರ ಮಾಡಲು ಹೋಗಿ ಮೂರನೆಯ ಭಾಗವನ್ನೇ ಮೊದಲು ಹಚ್ಚಿದ. ಮಲಗಿದವರೆಲ್ಲ ಒಟ್ಟಿಗೆ ಬೈದ ಬೈಗುಳಕ್ಕೆ ಎಲ್ಲರ ಬಿಪಿ ಏರಿ, ಟೀವಿಯನ್ನೇ ಆರಿಸಬೇಕಾಯಿತು! ಬಿಎಡ್ ಓದಿದ ನಾನು ಇದೆಲ್ಲ ಮೂಢನಂಬಿಕೆ ಅಂತ ನಗುತ್ತಿದ್ದೆ. ನಾನೂ ಕೊನೆ ನೋಡಲಿಲ್ಲ, ಆ ಮಾತು ಬೇರೆ.

ಚರ್ಚೆಯಲ್ಲಿ ಎರಡು ಪಕ್ಷ. ಒಂದರ ನಾಯಕ ನಮ್ಮ ಮಾವ. ಅಜ್ಜಿ ಹುತ್ತದಲ್ಲಿ ಸಾಯುತ್ತಾಳೆ, ಸತ್ತವಳ ಗೊಂಬೆಯನ್ನು ಯಾರು ಮಾಡುತ್ತಾರೆ, ಆದ್ದರಿಂದ ಸಿಗುವುದಿಲ್ಲ. ಇನ್ನೊಂದು ಪಕ್ಷ ಅತ್ತೆಯದು. ಅವಳ ಕಡೆ ಮಾತಾಡುತ್ತಿದ್ದವರು ಪಕ್ಕದ ಮಂಚದ ರೋಗಿ, ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಮುದುಕರು, ವಾರ್ಡಿಗೆಲ್ಲ ಚಾಚಾ. ಅಜ್ಜಿ ಸಾಯುವುದಿಲ್ಲ, ನಾಲ್ಕನೆಯ ಭಾಗ ಬರುತ್ತದೆ, ಅದರ ಜೊತೆ ಅಜ್ಜಿಯ ಮಾಲೂ ಬರುತ್ತದೆ, ವ್ಯಾಪಾರ ನಿಮಗೇನು ಗೊತ್ತು ಮಾಸ್ತರ ಅಂತ ಅವರ ವಾದ. ಪಾಳಿಯ ಸಮಯ ತಿಳಿಸಲೆಂದು ಮಾಡಿದ್ದ ವಾಟ್ಸಾಪ್ ಗ್ರೂಪಿನಲ್ಲಿ ಪಾಳಿಯ ಸುದ್ದಿ ಹೋಗಿ ಬರೀ ಮುಂಗುಸಿ ಸುದ್ದಿಯಾಯಿತು. ಚಂದ್ರಬಂಡದ ಒಬ್ಬಾಕೆ ಮಗನ ಮದುವೆಗೆ ಕರೆಯುತ್ತ, ಬರುವಾಗ ಅಜ್ಜಿ ಸಿಕ್ಕರೆ ತನ್ನಿ ಅಂತ ಸೇರಿಸಿದ್ದಳು!

ಮಾವ ಗ್ರೂಪಿನಲ್ಲಿ ಬೆಳಿಗ್ಗೆ 'ಸಿಗಂಗಿಲ್ಲ' ಅಂತ ಬರೆಯುತ್ತಿದ್ದ, ಅತ್ತೆಗೆ ಸೂಜಿ ಚುಚ್ಚಿದ ಮೇಲೆ ಅಂಗಡಿ ತಿರುಗಲು ಹೋಗುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ರಾಯಚೂರಿನ ಒಬ್ಬ ಅಂಗಡಿಯಾತ ಕೈ ಮುಗಿದು, "ದಾದಿ ಕಾ ನಕ್ಕೋ ಪೂಛೋ ಸಾಬ್. ಅಜ್ಜೀದು ಕೇಳಲೇಬ್ಯಾಡ್ರಿ. ಮುದುಕೀನ ಯಾವ ಹುಡುಗ ಬೇಡ್ತಾನ?" ಅಂದ. ಮಾವ ಅವನನ್ನು ಅಂಗಡಿಯಿಂದ ಹೊರಗೆ ಕರೆದು, ನೆಟ್ಟಗೆ ನಿಲ್ಲಿಸಿ, ನಿನ್ನ ಮನೆಯಲ್ಲಿ ಮುದುಕಿ ಇಲ್ಲವೇನು ಅಂತ ವಿಚಾರಿಸಿದ. ಇದ್ದಳು. ಹಾಗಾದರೆ ಅವಳಿಗೆ ಇವತ್ತು ಏನು ಒಯ್ಯುತ್ತೀ ಅಂತ ಕೇಳಿದ. ನಡುಬೀದಿಯಲ್ಲಿ ಅಟೆನ್ಷನ್‌ನಲ್ಲಿ ನಿಂತ ಆ ವ್ಯಾಪಾರಿ ಜಿಲೇಬಿ ಒಯ್ಯುತ್ತೇನೆ ಅಂತ ಒಪ್ಪಿಕೊಂಡ ಮೇಲೆಯೇ ಬಿಡುಗಡೆಯಾದದ್ದು!

ಮಾನ್ವಿಯ ಒಬ್ಬ ಫ್ಯಾನ್ಸಿ ಸ್ಟೋರಿನವನು ಇನ್ನೂ ಚುರುಕು. ಮರಿ ಮುಂಗುಸಿಯ ತಲೆಗೆ ಹತ್ತಿ ಅಂಟಿಸಿ, ಇದೇ ಅಜ್ಜಿ ಅಂತ ಕೊಟ್ಟುಬಿಟ್ಟ. ಮಾವನಿಗೆ ಅನುಮಾನವಿತ್ತು, ಆದರೆ ಆಸೆ ದೊಡ್ಡದಿತ್ತು. ತಂದು ವಾರ್ಡಿನ ಮುಂದಿಟ್ಟ. ಒಬ್ಬೊಬ್ಬರ ಮಂಚಕ್ಕೂ ಹೋಗಿ ಬಂದ ಮೇಲೆ ತೀರ್ಪಾಯಿತು. ಹರಿದ ಕಿವಿ ಎಲ್ಲಿ? ಅತ್ತೆ ಆ ಗೊಂಬೆಯನ್ನು ಎತ್ತಿ ನೋಡಿ, ಪಾಪ ಈ ಕೂಸು ಯಾವ ಚಿಂತೆಗೆ ಇಷ್ಟು ಬೇಗ ಹಣ್ಣಾಯಿತೋ ಅಂದಳು. ಚಾಚಾ ನಕ್ಕು ನಕ್ಕು ಅವರ ಮಷೀನು ಕೂಗಿಕೊಂಡಿತು, ನರ್ಸಮ್ಮ ಬಂದು ಎಲ್ಲರನ್ನೂ ಬೈದಳು. ಅವತ್ತು ಮಾವ ನಮ್ಮ ಮನೆಯಲ್ಲಿ ಮಾನ್ವಿಯವನನ್ನು ಬೈಯುತ್ತ ಬೈಯುತ್ತ ಮೂರು ರೊಟ್ಟಿ ತಿಂದ.

ನಗು ಹೀಗೇ ಇರುತ್ತಿತ್ತು, ಮಂದಿ ಮಾತ್ರ ಇರುತ್ತಿರಲಿಲ್ಲ. ಆ ಗ್ರೂಪಿನಿಂದ ಯಾರೂ ಸಿಟ್ಟು ಮಾಡಿಕೊಂಡು ಹೊರಗೆ ಹೋದವರಲ್ಲ. ಮಗನೋ ಸೊಸೆಯೋ ಒಂದು ಫೋಟೊ ಹಾಕುತ್ತಿದ್ದರು, ಎಲ್ಲರೂ ಕೈ ಮುಗಿಯುವ ಗುರುತು ಹಾಕುತ್ತಿದ್ದರು, ಆಮೇಲೆ ಆ ನಂಬರು ಹೋಗುತ್ತಿತ್ತು. ಕೊನೆಗೆ ಚಾಚಾ, 'ನಾಕನೇ ಭಾಗ ಯಾವಾಗಂತ?' ಅಂತ ಹಾಕುತ್ತಿದ್ದರು. ಮಾವ 'ಬರಂಗಿಲ್ಲ' ಅನ್ನುತ್ತಿದ್ದ. ಮತ್ತೆ ಜಗಳ ಹೊತ್ತಿಕೊಳ್ಳುತ್ತಿತ್ತು. ಚಂದ್ರಬಂಡದಾಕೆಯ ನಂಬರು ಹೋದ ದಿನವೂ ಹೀಗೇ ಆಯಿತು. ನನಗೆ ಅಸಹ್ಯವೆನಿಸಿತ್ತು. ಹೆಣದ ಮುಂದೆ ಗೊಂಬೆಯ ಮಾತೇ ಅಂತ ಮಾವನಿಗೆ ಬೈದೂ ಬಿಟ್ಟೆ.

ಅತ್ತೆಯ ಕೈಯ ನರ ಸೂಜಿಗೆ ಸಿಗದಂತಾಯಿತು. ಮೈ ಬಾತುಕೊಂಡಿತು, ಉಸಿರು ಹತ್ತತೊಡಗಿತು. ಡಾಕ್ಟರು ಮಾವನನ್ನು ಹೊರಗೆ ಕರೆದು ಹೇಳುವುದನ್ನು ಹೇಳಿದರು. ಒಳಗೆ ಬಂದ ಮಾವ ಬೇರೆಯೇ ಮನುಷ್ಯ. ಜನ್ಮದಲ್ಲಿ ಹೌದು ಅನ್ನದವನು, ಗೊಂಬೆ ಸಿಗುತ್ತದೆ ಅಂತ ಶುರುಮಾಡಿದ! ಇವತ್ತು ಹೈದರಾಬಾದಿನಲ್ಲಿದೆ ಅಂದ. ಇನ್ನೊಂದು ದಿನ ಕೃಷ್ಣೆಯ ಸೇತುವೆ ದಾಟಿದೆ ಅಂದ. ಮತ್ತೊಂದು ದಿನ ಕೇಳಿದರೆ ಮತ್ತೆ ಹೈದರಾಬಾದಿಗೇ ಹೋಗಿತ್ತು. ಸುಳ್ಳು ಹೇಳಿ ರೂಢಿಯಿಲ್ಲದವನ ಸುಳ್ಳಿಗೆ ಹಿಂದೆ ಮುಂದೆ ಎಲ್ಲಿಂದ ಬರಬೇಕು? ಅತ್ತೆ ಹೂಂ ಅನ್ನುತ್ತಿದ್ದಳು.

ಆ ವಾರದ ಪಾಳಿಯಲ್ಲಿ ನಾನೂ ಇದ್ದೆ. ಮಾವ ಎಂದಿನಂತೆ ಪೇಟೆಗೆ ಹೊರಟ. ಅತ್ತೆ ಅವನ ಅಂಗಿಯ ತುದಿ ಹಿಡಿದಳು.

"ಇವತ್ತ ಎಲ್ಲೂ ಹೋಗಬ್ಯಾಡ್ರಿ. ಅಜ್ಜಿ ಗೊಂಬಿ ಸಿಗಂಗಿಲ್ಲ. ಅದನ್ನ ಮಾಡೇ ಇಲ್ಲಂತ. ಚಾಚಾ ಹೈದರಾಬಾದಿನ್ಯಾಗ ಕೇಳಿಸಿ, ಎಂದೋ ನನಗ ಹೇಳ್ಯಾರ."

ಮಾವ ಪಕ್ಕದ ಮಂಚದ ಕಡೆ ನೋಡಿದ. ಚಾಚಾ ಗೋಡೆಯ ಕಡೆ ಹೊರಳಿದ್ದರು. ಮತ್ತೆ ಇಷ್ಟು ದಿನ ಸಿಗುತ್ತದೆ ಸಿಗುತ್ತದೆ ಅಂತ ಯಾಕೆ ಜಗಳಾಡಿದೆ ಅಂತ ಮಾವ ಕೇಳಿದ.

ಅತ್ತೆ ಉಸಿರು ಹಿಡಿದು ಹಿಡಿದು ಹೇಳಿದಳು. "ನೀವು ನನ್ನ ಮುಂದ ಕುಂತು ಆ ನಳಿಗ್ಯಾಗ ರಕ್ತ ಹೋಗೋದನ್ನ ನೋಡ್ತಿದ್ರಿ. ನೋಡಿ ನೋಡಿ ಊಟ ಬಿಟ್ರಿ. ನಾನಂತೂ ಹೋಗಾಕಿ. ನೀವು ನಾಕು ಅಂಗಡಿ ತಿರುಗಿ, ನಾಕು ಮಂದಿ ಕೂಡ ಜಗಳಾಡಿ ಬಂದ್ರ ನಿಮಗ ಹಸಿವಿ ಆಗ್ತಿತ್ತು. ನಾಕು ತುತ್ತು ಉಣ್ತಿದ್ರಿ. ನನಗ ಅಷ್ಟಽ ಬೇಕಾಗಿತ್ತು."

ಮಾವ ಪೇಟೆಗೆ ಹೋಗಲಿಲ್ಲ. ಮಷೀನು ಕೂಗುವವರೆಗೂ ಅವಳ ಕೈ ಹಿಡಿದುಕೊಂಡೇ ಕೂತಿದ್ದ. ನಾನು ಹೊರಗೆ ಬಂದು ಅತ್ತುಬಿಟ್ಟೆ.

ಅತ್ತೆ ಮುಂದಿನ ಪಾಳಿಗೆ ಬರಲಿಲ್ಲ. ದೇವದುರ್ಗದಲ್ಲಿ ಮಣ್ಣು ಮಾಡಿ ಬಂದ ಮೇಲೆ ಮಾವ ಬಾಗಿಲಿನ ಹತ್ತಿರ ಒಂದು ಕುರ್ಚಿ ಹಾಕಿಕೊಂಡು ಕೂತವನು ಏಳಲಿಲ್ಲ. ಬಂದವರಿಗೆ ಮಾತಿಲ್ಲ, ಇಟ್ಟ ತಾಟಿಗೆ ಕೈಯಿಲ್ಲ. ನಾನು ರಜೆ ಹಾಕಿ ಅಲ್ಲೇ ಉಳಿದೆ. ರೊಟ್ಟಿ ಬಡಿದು ಮುಂದಿಡುತ್ತಿದ್ದೆ, ಒಣಗಿದ್ದನ್ನು ಎತ್ತಿ ದನಕ್ಕೆ ಹಾಕುತ್ತಿದ್ದೆ. ಹಟಮಾರಿ ಮಾವ ಹೀಗೇ ಕೂತು ಅತ್ತೆಯ ಹಿಂದೆ ಹೋಗಿಬಿಡುತ್ತಾನೆ ಅಂತ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಒಂದು ಬೆಳಿಗ್ಗೆ ಅವನ ಫೋನಿನಲ್ಲಿ, ಅದೇ ಗ್ರೂಪಿಗೆ, ಚಾಚಾ ಮಾತಾಡಿ ಕಳಿಸಿದ ಧ್ವನಿ ಸಂದೇಶ ಬಂತು. ನಾನೇ ಹಚ್ಚಿದೆ. ಮಾತಿಗಿಂತ ಏದುಸಿರೇ ಹೆಚ್ಚಿತ್ತು.

"ಮಾಸ್ತರ, ನಮ್ಮೂರಾಗ ಹೊಸಾ ಮಾಲ್ ಬಂದದಂತ. ಅದರಾಗ ಅಜ್ಜಿ ಅದಾಳಂತ ಮಂದಿ ಅನ್ನಾಕತ್ತಾರ. ನನ್ನ ಕಾಲು ಬಾತಾವ, ಅಂಗಡಿ ತನಕಾನೂ ಹೋಗಾಕ ಆಗವಲ್ದು. ನೀವು ಬಂದು ಒಂದೀಟು ನೋಡ್ತೀರೇನು."

ಗೊಂಬೆಯನ್ನು ಮಾಡಿಯೇ ಇಲ್ಲ ಅಂತ ಪತ್ತೆ ಹಚ್ಚಿದವರೇ ಚಾಚಾ. ಅದು ಮಾವನಿಗೆ ಗೊತ್ತು, ಮಾವನಿಗೆ ಗೊತ್ತೆಂದು ಚಾಚಾಗೂ ಗೊತ್ತು. ಮಾವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಗ್ರೂಪಿನಲ್ಲಿ ಬರೆದ.

"ಸಿಗ್ತದ. ಬರಾಕತ್ತೀನಿ."

ಬರೆದವನೇ ನಾನು ಇಟ್ಟಿದ್ದ ತಾಟನ್ನು ಹತ್ತಿರ ಎಳೆದುಕೊಂಡು, ರೊಟ್ಟಿ ಮುರಿದು ನಾಲ್ಕು ತುತ್ತು ಉಂಡು, ಮಾನ್ವಿಯ ಬಸ್ಸು ಹತ್ತಿದ.