ಒಂಬತ್ತು ಗರಿಯ ಹುಳು

ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ ಅಕ್ಕಿಕಾಳಿನಷ್ಟು ಉದ್ದದ ನೇರಳೆ ಹುಳುವೊಂದು ಹರಿದಾಡುವುದನ್ನು ಕಂಡು ಪ್ರಾಣಿಶಾಸ್ತ್ರದ ಮೇಷ್ಟ್ರು ಸುಬ್ಬಯ್ಯನವರು ಬಂಟ್ವಾಳ ಪೇಟೆಯಲ್ಲೇ ಕುಣಿದುಬಿಟ್ಟರು. ಲಕ್ಷದ್ವೀಪದಿಂದ ಕೊಬ್ಬರಿ ತರಿಸುವ ಗೆಳೆಯ ಯಾಕೂಬ್, ಮೇಷ್ಟ್ರ ಕಾಟ ತಾಳಲಾರದೆ, ಅಲ್ಲಿನ ಹವಳದ ದಿಬ್ಬದ ನೀರನ್ನು ಪಾಚಿ ಸಮೇತ ತರಿಸಿಕೊಟ್ಟಿದ್ದರು.

ಭೂತಗನ್ನಡಿ ಹಿಡಿದು ನೋಡಿದರೆ ಹುಳುವಿನ ಬೆನ್ನ ಮೇಲೆ ಉಸಿರಾಡುವ ಗರಿಗಳು ಒಂಬತ್ತು! ಮೇಷ್ಟ್ರ ಪುಸ್ತಕದಲ್ಲಿದ್ದ ಯಾವ ನೇರಳೆ ಕಡಲಹುಳುವಿಗೂ ಆರಕ್ಕಿಂತ ಹೆಚ್ಚು ಇರಲಿಲ್ಲ.

"ಇದು ಹೊಸ ಜಾತಿ ಮಾರಾಯ! ಕಂಡುಹಿಡಿದವನ ಹೆಸರನ್ನೇ ಹುಳುವಿಗೆ ಇಡ್ತಾರೆ. ಲೋಕ ಇರುವವರೆಗೆ ಸುಬ್ಬಯ್ಯ!"

"ಹುಳುವಿಗಾ?" ಎಂದು ಯಾಕೂಬ್ ಗಡ್ಡ ತುರಿಸಿಕೊಂಡರು.

ಸತ್ತರೆ ಬಣ್ಣ ಹೋಗುತ್ತದೆ, ಗರಿ ಮುದುಡುತ್ತದೆ, ಆಮೇಲೆ ಯಾರೂ ಗುರುತು ಹಿಡಿಯಲಾರರು. ಆದ್ದರಿಂದ ಜೀವಂತವಾಗಿಯೇ ಮೂಡುಬಿದಿರೆ ಕಾಲೇಜಿನ ಸೂಕ್ಷ್ಮದರ್ಶಕದಡಿಗೆ ಮುಟ್ಟಿಸಬೇಕು. ಮೇಷ್ಟ್ರು ಬಾಟಲಿಯನ್ನು ಬಾಣಂತಿ ಕೂಸನ್ನಪ್ಪಿಕೊಂಡ ಹಾಗೆ ಅಪ್ಪಿಕೊಂಡು ಬಸ್ಸು ಹತ್ತಿದರು.

"ಚಾರ್ಮಾಡಿ ಕಾಡಿನ ರಕ್ತ ಹೀರುವ ಉಂಬಳ ಅಲ್ವಾ ಅದು? ಚಿಟಿಕೆ ಉಪ್ಪು ಹಾಕಿ, ಆಗಲೇ ಸಾಯ್ತದೆ," ಎಂದರು ಪಕ್ಕದ ಸೀಟಿನ ಚಿನ್ನಯ್ಯ.

"ಇದು ಉಪ್ಪಲ್ಲೇ ಬದುಕುವುದು!"

"ಉಪ್ಪಲ್ಲಿ ಬದುಕುವ ಉಂಬಳವಾ?" ಬಸ್ಸೇ ನಕ್ಕಿತು.

ಅಷ್ಟರಲ್ಲಿ ಹೊಂಡವೊಂದಕ್ಕೆ ಚಕ್ರ ಇಳಿದು ಮುಚ್ಚಳ ಹಾರಿ ಅರ್ಧ ನೀರು ಮೇಷ್ಟ್ರ ಪಂಚೆಗೆ ಬಿತ್ತು. ಅವರು ಪಂಚೆ ಹಿಂಡುತ್ತಿದ್ದಾಗ ಕಂಡಕ್ಟರ್ ಧರ್ಣಪ್ಪ, ಪಾಪದವ, ತನ್ನ ಕುಡಿಯುವ ನೀರನ್ನು ಬಾಟಲಿಯ ಕಂಠದವರೆಗೆ ತುಂಬಿಸಿದ.

"ತಣ್ಣಗಿನ ಬಾವಿನೀರು ಮಾಸ್ಟ್ರೆ. ಬದುಕಲಿ ಪಾಪ."

ಹುಳು ಮುದುಡಿ ಕಸದ ಚೂರಿನಂತೆ ತಳಕ್ಕೆ ಬಿತ್ತು. "ಉಪ್ಪು! ಯಾರಾದರೂ ಉಪ್ಪು ಕೊಡಿ!" ಎಂದು ಮೇಷ್ಟ್ರು ಅರಚಿಕೊಂಡರು.

"ಅದನ್ನೇ ಅಲ್ವಾ ನಾನು ಆಗ ಹೇಳಿದ್ದು?" ಎಂದರು ಚಿನ್ನಯ್ಯ.

ಸಿದ್ದಕಟ್ಟೆಯಲ್ಲಿ ಬಸ್ಸು ನಿಲ್ಲುವ ಮೊದಲೇ ಹಾರಿ ಮೇಷ್ಟ್ರು ಕಾಂತಿಯಕ್ಕನ ಹೋಟೆಲಿಗೆ ನುಗ್ಗಿದರು. ಕಡಲನೀರಿನಷ್ಟು ಉಪ್ಪಾಗಲು ಎಷ್ಟು ಹಾಕಬೇಕೆಂದು ಗಟ್ಟಿಯಾಗಿ ಲೆಕ್ಕ ಮಾಡತೊಡಗಿದರು.

"ಕಡಲಿನಷ್ಟಲ್ವಾ? ನನ್ನ ತವರು ಉಳ್ಳಾಲ. ಕಡಲನೀರು ಎಷ್ಟು ಕುಡಿದಿಲ್ಲ ನಾನು!" ಕಾಂತಿಯಕ್ಕ ಕಲ್ಲುಪ್ಪು ಕರಗಿಸಿ, ಸ್ವಲ್ಪಸ್ವಲ್ಪವೇ ಬಾಟಲಿಗೆ ಸುರಿದು, ಬೆರಳದ್ದಿ ನೆಕ್ಕಿದರು. "ಸಪ್ಪೆ ಉಂಟು." ಇನ್ನಷ್ಟು ಸುರಿದರು. "ಹಾಂ, ಈಗ ಉಳ್ಳಾಲ."

ಇಡೀ ಬಸ್ಸು ಬಾಟಲಿಯ ಸುತ್ತ ಬಗ್ಗಿ ನಿಂತಿತು. ಒಂದು ಗರಿ ಅಲುಗಿತು. ಇನ್ನೊಂದು ಬಿಚ್ಚಿಕೊಂಡಿತು.

"ಎಂಟು... ಒಂಬತ್ತು!" ಎಂದು ಚಿನ್ನಯ್ಯನೇ ಕೂಗಿದರು. ಧರ್ಣಪ್ಪ ಸಂತೋಷದಿಂದ ಮೂರು ಸಲ ಸೀಟಿ ಊದಿದ. ಹೊರಡುವ ಸೀಟಿಯೆಂದುಕೊಂಡ ಡ್ರೈವರ್ ಅವನನ್ನೂ ಬಿಟ್ಟು ಬಸ್ಸು ಹೊರಡಿಸಿಯೇಬಿಟ್ಟ.

ಕೊನೆಗೆ ಜೀಪಿನಲ್ಲಿ ನೇತಾಡಿಕೊಂಡು ಹೋದರೂ ಮೇಷ್ಟ್ರು ಹುಳುವನ್ನು ಜೀವಂತವಾಗಿ ಕಾಲೇಜಿಗೆ ಮುಟ್ಟಿಸಿದರು. ಚಿತ್ರ ಬರೆದು, ಅಳತೆ ಹಿಡಿದು, ವಿದೇಶದ ಪರಿಣತರೊಬ್ಬರಿಗೆ ಹನ್ನೊಂದು ಪುಟ ಬರೆದರು. ಉತ್ಸಾಹ ಬಂದರೆ ಅವರ ಲೇಖನಿಗೆ ಲಗಾಮಿಲ್ಲ. ಬಸ್ಸು, ಬಾವಿನೀರು, ಕಾಂತಿಯಕ್ಕನ ಬೆರಳು, ಯಾವುದನ್ನೂ ಬಿಡಲಿಲ್ಲ.

ವರ್ಷದ ಮೇಲೆ, ೧೯೯೯ರಲ್ಲಿ, ಅಚ್ಚಾದ ಲೇಖನದೊಂದಿಗೆ ಉತ್ತರ ಬಂತು. ಹೊಸ ಜಾತಿಯೇ ಹೌದು! ಮೇಷ್ಟ್ರಿಗೆ ಅಭಿನಂದನೆ. ಹುಳುವಿನ ಪ್ರಾಣ ಉಳಿಸಿದ ಮಹಾತಾಯಿಯ ಕತೆ ಓದಿ ಪರಿಣತರ ಕಣ್ಣು ತುಂಬಿ ಬಂದಿತ್ತಂತೆ. ಹುಳುವಿಗೆ ಕಾಂತಿಯಕ್ಕನ ಹೆಸರನ್ನೇ ಇಟ್ಟಿದ್ದರು.

ತಮ್ಮ ಹೆಸರು ತಪ್ಪಿಹೋದ ಸಂಕಟ ನುಂಗಿಕೊಂಡು, ಹೇಳದಿದ್ದರೆ ಅನ್ಯಾಯವೆಂದು, ಮೇಷ್ಟ್ರು ಸಿದ್ದಕಟ್ಟೆಗೆ ಹೋಗಿ ಸುದ್ದಿ ಮುಟ್ಟಿಸಿದರು.

"ಏನು? ಆ ಉಂಬಳಕ್ಕೆ ನನ್ನ ಹೆಸರಾ?" ಕಾಂತಿಯಕ್ಕ ಸೌಟು ಎತ್ತಿದರು. "ಊರಲ್ಲಿ ತಲೆ ಎತ್ತಿ ನಡೆಯುವುದು ಬೇಡ್ವಾ ನನಗೆ? ಇವತ್ತೇ ಬರೆದು ತೆಗೆಸಿ!"

"ಅಚ್ಚಾದ ಹೆಸರನ್ನು ತೆಗೆಯಲಿಕ್ಕೆ ಆಗುವುದಿಲ್ಲ ಕಾಂತಿಯಕ್ಕ," ಎನ್ನುವಾಗ ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

ಅದನ್ನು ಕಂಡು ಕಾಂತಿಯಕ್ಕ ಕರಗಿಹೋದರು. ಸೌಟು ಕೆಳಗಿಟ್ಟು, ಮೇಷ್ಟ್ರ ಎದುರು ಚಾ ಇಟ್ಟು ಸಮಾಧಾನ ಹೇಳಿದರು:

"ಅಳಬೇಡಿ ಮಾಸ್ಟ್ರೆ. ನನ್ನ ಮರ್ಯಾದೆ ಹೋದ್ರೆ ಹೋಗಲಿ. ಸದ್ಯ, ಅದಕ್ಕೆ ನಿಮ್ಮ ಹೆಸರು ಇಡ್ಲಿಲ್ಲ ಅಲ್ಲ!"